ಬೀದಿಯಿಂದ ಬಂದ ಬೆಕ್ಕಿಗೆ ತಾತ್ಕಾಲಿಕ ಮನೆ: ಶಿವಮೊಗ್ಗದ ಸ್ವಯಂಸೇವಕರ ಸೇವೆಯೊಂದರ ವಿಮರ್ಶೆ

ಗಾಯಗೊಂಡ ಅಥವಾ ಸಾಕಿದವರೇ ಬಿಟ್ಟುಹೋದ ಬೆಕ್ಕುಗಳನ್ನು ಹಿಡಿದು, ಚಿಕಿತ್ಸೆ ಕೊಡಿಸಿ, ಕಾಯಂ ಮನೆ ಸಿಗುವವರೆಗೆ ಯಾರಾದರೂ ಒಬ್ಬರ ಮನೆಯಲ್ಲಿ ಇರಿಸುವ ಕೆಲಸವನ್ನು ಶಿವಮೊಗ್ಗದಲ್ಲಿ ಒಂದು ಸಣ್ಣ ಸ್ವಯಂಸೇವಕರ ತಂಡ ಮಾಡುತ್ತಿದೆ. ತಾತ್ಕಾಲಿಕವಾಗಿ ಸಾಕಲು ಒಪ್ಪಿದವರಿಗೆ ಅವರು ಬೆಕ್ಕಿನ ಜೊತೆಗೆ ಒಂದು ಕಿಟ್, 12 ಪುಟಗಳ ಕನ್ನಡ ಕೈಪಿಡಿ ಮತ್ತು ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದಾದ ಒಂದು ಫೋನ್ ಸಂಖ್ಯೆ ಕೊಡುತ್ತಾರೆ. ತಂಡದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಹೆಸರು ಹೊರಗೆ ಹರಡಿದರೆ ಬೆಳಗಾಗುವಷ್ಟರಲ್ಲಿ ಗೇಟಿನ ಮುಂದೆ ಮರಿಗಳನ್ನು ಪೆಟ್ಟಿಗೆಯಲ್ಲಿಟ್ಟು ಹೋಗುವವರು ಹೆಚ್ಚುತ್ತಾರೆ ಎಂಬ ಅವರ ಭಯ ನ್ಯಾಯವಾದದ್ದು. ನಿಜವಾಗಿ ಬೆಕ್ಕೊಂದನ್ನು ಕೆಲಕಾಲ ಇರಿಸಿಕೊಳ್ಳಬೇಕೆನ್ನುವವರು ಊರಿನ ಪಶುವೈದ್ಯರಲ್ಲಿ ವಿಚಾರಿಸಿದರೆ ಇಂಥ ತಂಡಗಳ ಸಂಪರ್ಕ ಸಾಮಾನ್ಯವಾಗಿ ಸಿಗುತ್ತದೆ.

ನಾನು ಈ ಸೇವೆಯನ್ನು ಬಳಸಿದ್ದು ಮಳೆಗಾಲದಲ್ಲಿ. ನಮ್ಮದು ತೀರ್ಥಹಳ್ಳಿ ಕಡೆಯ ಹಳೆಯ ಹೆಂಚಿನ ಮನೆ. ಬಂದದ್ದು ಗಾಂಧಿ ಬಜಾರಿನ ಗೋದಾಮೊಂದರ ಹಿಂದೆ ಸಿಕ್ಕ ಪಟ್ಟೆ ಪಟ್ಟೆಯ ಹೆಣ್ಣು ಬೆಕ್ಕು. ಇನ್ನೊಂದು ಬೆಕ್ಕು ಕಚ್ಚಿದ ಗಾಯ ಮುಂಗಾಲಿನಲ್ಲಿ ಕೀವುಗಟ್ಟಿ, ಕೀವು ತೆಗೆಸಿ ಔಷಧ ಶುರುವಾಗಿತ್ತು. ಗಾಯ ಮಾಯುವುದಕ್ಕಿಂತ ಭಯ ಹೋಗುವುದೇ ನಿಧಾನ ಎಂದು ಕರೆತಂದ ಹುಡುಗ ಮೊದಲೇ ಹೇಳಿದ್ದ. ಈ ವಿಮರ್ಶೆಯನ್ನು ಆ ಒಂದು ಅಳತೆಗೋಲಿನಿಂದಲೇ ಬರೆಯುತ್ತಿದ್ದೇನೆ: ಅವರು ಕೊಟ್ಟ ಪ್ರತಿಯೊಂದು ವಸ್ತುವೂ, ಹೇಳಿದ ಪ್ರತಿಯೊಂದು ಮಾತೂ ಬೆಕ್ಕಿನ ಭಯವನ್ನು ಕಡಿಮೆ ಮಾಡಿತೇ, ಇಲ್ಲವೇ?

ಕಿಟ್‌ನಲ್ಲಿ ಅತ್ಯಂತ ದೊಡ್ಡದು ಮಡಚಿಡಬಹುದಾದ ತಂತಿಯ ಪಂಜರ. ನಾಯಿಗಳಿಗಾಗಿ ಮಾರುವ 42 ಇಂಚು ಉದ್ದದ ಕ್ರೇಟ್ ಇದು, ಮತ್ತು ಈ ಅಳತೆಯನ್ನು ಆಯ್ದುಕೊಂಡದ್ದರಲ್ಲಿ ಅವರ ಅನುಭವ ಕಾಣುತ್ತದೆ. ಬೆಕ್ಕಿಗೆಂದು ಅಂಗಡಿಯಲ್ಲಿ ತೋರಿಸುವ ಚಿಕ್ಕ ಪಂಜರಗಳಲ್ಲಿ ಮಲದ ಟ್ರೇ ಇಟ್ಟರೆ ಮಲಗಲು ಜಾಗವಿರುವುದಿಲ್ಲ, ಮಲಗಲು ಹಾಸಿದರೆ ಊಟದ ಬಟ್ಟಲು ಟ್ರೇಗೆ ತಾಗಿಕೊಂಡಿರುತ್ತದೆ. ಉಣ್ಣುವ ಜಾಗದ ಪಕ್ಕದಲ್ಲೇ ಗಲೀಜು ಮಾಡುವುದನ್ನು ಯಾವ ಬೆಕ್ಕೂ ಒಪ್ಪುವುದಿಲ್ಲ. ಇದರಲ್ಲಿ ಒಂದು ತುದಿಗೆ ಟ್ರೇ, ಇನ್ನೊಂದು ತುದಿಗೆ ಅಡಗುವ ಪೆಟ್ಟಿಗೆ, ನಡುವೆ ಬಟ್ಟಲುಗಳು ಸರಿಯಾಗಿ ಕೂರುತ್ತವೆ. ಬಾಗಿಲಿನ ಚಿಲಕ ಕಬ್ಬಿಣಕ್ಕೆ ಬಡಿದು ಸದ್ದು ಮಾಡದಂತೆ ಯಾರೋ ಅದಕ್ಕೆ ಹಳೆಯ ಹತ್ತಿ ಸೀರೆಯ ಅಂಚನ್ನು ಬಿಗಿಯಾಗಿ ಸುತ್ತಿ ಹೊಲಿದಿದ್ದರು. ದಿನಕ್ಕೆ ಹಲವು ಬಾರಿ ತೆರೆದು ಮುಚ್ಚುವ ಬಾಗಿಲದು. ಪ್ರತಿ ಬಾರಿಯೂ ಕಿವಿ ಹಿಂದಕ್ಕೆ ಮಡಚಿ ಮೂಲೆಗೆ ಒತ್ತಿಕೊಳ್ಳುವ ಬೆಕ್ಕನ್ನು ನೋಡಿದವರು ಮಾತ್ರ ಇಂಥ ಕೆಲಸ ಮಾಡುತ್ತಾರೆ. ಪಂಜರದ ಕೆಳಗಿನ ತಟ್ಟೆ ತೆಳುವಾದ ತಗಡಿನದು, ಬೆಕ್ಕು ನಡೆದರೆ ಡಬಡಬ ಎನ್ನುತ್ತದೆ. ಅದರಡಿ ಗೋಣಿಚೀಲ ಹಾಸಿದರೆ ಸರಿಹೋಗುತ್ತದೆ, ಆದರೆ ಆ ಮಾತು ಕೈಪಿಡಿಯಲ್ಲಿ ಇಲ್ಲ.

ಅಡಗುವ ಪೆಟ್ಟಿಗೆಯೇ ಈ ಕಿಟ್‌ನ ಜೀವಾಳ ಎಂದು ನನ್ನ ಅಭಿಪ್ರಾಯ. ರಟ್ಟಿನ ಪೆಟ್ಟಿಗೆಯ ಎರಡು ಬದಿಗೆ ಎರಡು ಕಿಂಡಿ ಕತ್ತರಿಸಿ, ಒಳಗೆ ಬೆಕ್ಕು ಆಸ್ಪತ್ರೆಯಲ್ಲಿ ಮಲಗಿದ್ದ ಬಟ್ಟೆಯನ್ನೇ ಹಾಸಿ ಕಳಿಸುತ್ತಾರೆ. ಹೊಸ ಜಾಗದಲ್ಲಿ ತನ್ನದೇ ಮೈವಾಸನೆ ಇರುವ ಒಂದು ವಸ್ತು ಇದ್ದರೆ ಅದು ಬೆಕ್ಕಿಗೆ ದೊಡ್ಡ ಆಸರೆ. ಆದ್ದರಿಂದ ಆ ಬಟ್ಟೆಯನ್ನು ಒಗೆಯುವ ಅವಸರ ಬೇಡ, ಒಗೆಯಲೇಬೇಕಾದರೆ ಅರ್ಧ ಹಾಸಿಗೆಯನ್ನು ಹಾಗೆಯೇ ಉಳಿಸಿ ಎಂದು ಕೈಪಿಡಿ ಹೇಳುತ್ತದೆ. ಅಡಗಲು ಪೆಟ್ಟಿಗೆ ಕೊಟ್ಟರೆ ಬೆಕ್ಕು ಇನ್ನಷ್ಟು ಪುಕ್ಕಲಾಗುತ್ತದೆ, ಹೊರಗೇ ಬರುವುದಿಲ್ಲ ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ನೆದರ್ಲೆಂಡ್ಸ್‌ನ ಆಶ್ರಯಧಾಮವೊಂದಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ವಿರುದ್ಧವಾದುದನ್ನೇ ತೋರಿಸಿತು: ಪೆಟ್ಟಿಗೆ ಸಿಕ್ಕ ಬೆಕ್ಕುಗಳ ಒತ್ತಡ ಪೆಟ್ಟಿಗೆ ಇಲ್ಲದವುಗಳಿಗಿಂತ ಬೇಗ ಇಳಿಯಿತು. ನಮ್ಮ ಮನೆಯಲ್ಲಿಯೂ ನಡೆದದ್ದು ಅದೇ. ಮೊದಲು ಕಿಂಡಿಯಲ್ಲಿ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು, ಕಪ್ಪಾಗಿ ಅರಳಿದ ಪಾಪೆ ತುಂಬಿಕೊಂಡು. ಆಮೇಲೆ ಮೂಗು, ಮೀಸೆ. ಒಂದು ಸಂಜೆ ಪೂರ್ತಿ ಹೊರಗೆ ಬಂದು, ನಾನು ಎದುರಿಗೇ ಕುಳಿತಿದ್ದರೂ ಗಾಯದ ಕಾಲನ್ನು ಮುಂದಕ್ಕೆ ಚಾಚಿ, ಬೆರಳುಗಳ ಸಂದಿ ಬಿಡಿಸಿ ನಿಧಾನವಾಗಿ ನೆಕ್ಕಿಕೊಂಡಿತು. ಭಯದಲ್ಲಿರುವ ಬೆಕ್ಕು ಪರರ ಮುಂದೆ ಮೈ ನೆಕ್ಕಿಕೊಂಡು ಮೈಮರೆಯುವುದಿಲ್ಲ. ಆ ದಿನ ತಂಡದವರಿಗೆ ಫೋನ್ ಮಾಡಿ ಹೇಳಿದಾಗ ಅವರಿಗಾದ ಸಂತೋಷ ನನಗಾದದ್ದಕ್ಕಿಂತ ಕಡಿಮೆಯದಾಗಿರಲಿಲ್ಲ.

ರಟ್ಟು ಮಾತ್ರ ಮಲೆನಾಡಿನ ಜುಲೈಗೆ ಹೇಳಿದ್ದಲ್ಲ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ನಮಗೆ ದೂರವೇನಲ್ಲ. ಗೋಡೆಯೇ ಬೆವರುವ ಕಾಲದಲ್ಲಿ ರಟ್ಟಿನ ತಳ ಮೆತ್ತಗಾಗಿ ಮೂಲೆಗಳಿಗೆ ಬೂಷ್ಟು ಹಿಡಿಯುತ್ತದೆ. ತರಕಾರಿ ಸಾಗಿಸುವ ಪ್ಲಾಸ್ಟಿಕ್ ಕ್ರೇಟನ್ನು ಮಗುಚಿ, ಒಂದು ಬದಿಯನ್ನು ಕತ್ತರಿಸಿ, ಮೇಲೆ ದಪ್ಪ ಬಟ್ಟೆ ಹೊದಿಸಿದರೆ ಅಷ್ಟೇ ಕತ್ತಲೆ, ಅಷ್ಟೇ ಆಸರೆ ಸಿಗುತ್ತದೆ, ತೊಳೆಯಲೂ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡುವ ಕಿಟ್‌ಗಳಲ್ಲಾದರೂ ಅವರು ಈ ಬದಲಾವಣೆ ಮಾಡಬೇಕು.

ಕೈಪಿಡಿಯ ಬಗ್ಗೆ ಹೇಳುವುದಾದರೆ, ಅದರ ಗುಣವೆಲ್ಲ ಇರುವುದು ಸಾಕುವವರನ್ನು ತಡೆದು ನಿಲ್ಲಿಸುವುದರಲ್ಲಿ. ಎತ್ತಿಕೊಳ್ಳಬೇಡಿ, ಪೆಟ್ಟಿಗೆಯೊಳಗೆ ಕೈ ಹಾಕಿ ಎಳೆಯಬೇಡಿ, ನೆಂಟರಿಗೆ ತೋರಿಸಬೇಡಿ, ಕಣ್ಣಿಗೆ ಕಣ್ಣಿಟ್ಟು ದಿಟ್ಟಿಸಬೇಡಿ ಎಂದು ಅದು ಮತ್ತೆ ಮತ್ತೆ ಹೇಳುತ್ತದೆ. ಕರುಣೆಯಿಂದ ಬೆಕ್ಕನ್ನು ಮನೆಗೆ ತಂದವರಿಗೆ ಸುಮ್ಮನಿರುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ, ಅದನ್ನು ಬರೆದವರು ಚೆನ್ನಾಗಿ ಬಲ್ಲರು. ನಮ್ಮ ಅತ್ತೆಯವರು ಪಾಪದ ಪ್ರಾಣಿಯ ತಲೆ ಸವರಬೇಕೆಂದು ಕೈ ಚಾಚಿದಾಗ, ಪಂಜರ ಜೋಡಿಸುತ್ತಿದ್ದ ಹುಡುಗ, "ಬೇಡ ಅಜ್ಜಿ, ಅದಾಗೇ ನಿಮ್ಮ ಹತ್ರ ಬರ್ಲಿ. ನೀವು ಇಲ್ಲೇ ಕೂತ್ಕೊಂಡು ಹೂವು ಕಟ್ತಾ ಇರಿ, ಅಷ್ಟು ಸಾಕು" ಎಂದ. ಅವರು ಹಾಗೆಯೇ ಮಾಡಿದರು. ಮನುಷ್ಯರು ತಮ್ಮ ಪಾಡಿಗೆ ತಾವಿದ್ದು ತನಗೇನೂ ಮಾಡುವುದಿಲ್ಲ ಎಂಬುದನ್ನು ಬೆಕ್ಕು ತಾನೇ ಕಂಡುಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಎದುರು ಕುಳಿತಾಗ ಕಣ್ಣನ್ನು ಅರ್ಧ ಮುಚ್ಚಿ ನಿಧಾನವಾಗಿ ರೆಪ್ಪೆ ಬಡಿಯಿರಿ ಎಂಬ ಸಲಹೆಯೂ ಅದರಲ್ಲಿದೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹೀಗೆ ರೆಪ್ಪೆ ಬಡಿದವರಿಗೆ ಬೆಕ್ಕುಗಳು ತಾವೂ ಹಾಗೆಯೇ ಉತ್ತರಿಸಿದವು, ಅಪರಿಚಿತರಾದರೂ ಅಂಥವರ ಹತ್ತಿರ ಬರಲು ಹೆಚ್ಚು ಒಪ್ಪಿದವು.

ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಪ್ರಚಲಿತ ಲೆಕ್ಕವನ್ನೂ ಕೈಪಿಡಿ ಕೊಡುತ್ತದೆ. ಮೊದಲ ಮೂರು ದಿನ ದಿಗಿಲು, ಮೂರು ವಾರಕ್ಕೆ ಮನೆಯ ದಿನಚರಿಯ ಪರಿಚಯ, ಮೂರು ತಿಂಗಳಿಗೆ ಇದು ತನ್ನ ಮನೆ ಎಂಬ ನೆಮ್ಮದಿ ಎಂದು ಅದರ ತಾತ್ಪರ್ಯ. ಇದು ಅಂದಾಜು ಮಾತ್ರ, ಬೆಕ್ಕು ಕ್ಯಾಲೆಂಡರ್ ನೋಡಿ ಬದಲಾಗುವುದಿಲ್ಲ ಎಂದು ಅಲ್ಲೇ ಸ್ಪಷ್ಟಪಡಿಸಿರುವುದು ಮೆಚ್ಚುವಂಥದ್ದು, ಏಕೆಂದರೆ ಮೂರು ವಾರ ಕಳೆದರೂ ಹತ್ತಿರ ಬರಲಿಲ್ಲವೆಂದು ಬೇಸತ್ತು ವಾಪಸು ಕೊಡುವವರೂ ಇರುತ್ತಾರೆ.

ಊಟದ ವಿಷಯದಲ್ಲಿ ತಂಡ ಕಟ್ಟುನಿಟ್ಟು. ನಮ್ಮದು ಮಾಂಸ ಬೇಯಿಸುವ ಮನೆಯಲ್ಲ ಎಂದು ಮೊದಲೇ ಹೇಳಿದ್ದರಿಂದ ಅವರು ಒಣ ಆಹಾರ ಮತ್ತು ಪೊಟ್ಟಣದ ಹಸಿ ಆಹಾರ ಎರಡನ್ನೂ ಕೊಟ್ಟು, ಬಟ್ಟಲುಗಳನ್ನು ಹೊರಗಿನ ನಲ್ಲಿಯಲ್ಲೇ ತೊಳೆಯಬಹುದು ಎಂದು ಸಂಕೋಚಪಡದೆ ತಿಳಿಸಿದರು. ಆದರೆ ಬೆಕ್ಕಿಗೆ ಮೊಸರನ್ನ, ಹಾಲನ್ನವನ್ನೇ ಹಾಕಿ ಸಾಕುತ್ತೇವೆ ಎನ್ನುವವರಿಗೆ ಅವರು ಬೆಕ್ಕು ಕೊಡುವುದಿಲ್ಲ. ಇದನ್ನು ಹಲವರು ಅತಿಯಾಯಿತು ಎನ್ನುತ್ತಾರೆ, ನನಗೆ ಸರಿಯೆನಿಸುತ್ತದೆ. ಟಾರಿನ್ ಎಂಬ ಅಂಶವನ್ನು ಬೆಕ್ಕಿನ ದೇಹ ತನಗೆ ಬೇಕಾದಷ್ಟು ತಯಾರಿಸಿಕೊಳ್ಳಲಾರದು, ಅದು ಮಾಂಸ, ಮೀನಿನಿಂದಲೇ ಸಿಗಬೇಕು. ಅದರ ಕೊರತೆಯಿಂದ ಕಣ್ಣು ಕೆಡುತ್ತದೆ, ಹೃದಯದ ಸ್ನಾಯು ದುರ್ಬಲವಾಗುತ್ತದೆ ಎಂಬುದು 1987ರ ವೇಳೆಗೇ ಸ್ಪಷ್ಟವಾಗಿದ್ದ ವಿಷಯ. ನಮ್ಮ ಹಳೆಯ ಮನೆಗಳ ಬೆಕ್ಕುಗಳು ಮೊಸರನ್ನ ತಿಂದೇ ಬದುಕಿದವು ಎನ್ನುವುದು ನಿಜ, ಆದರೆ ಅವಕ್ಕೆ ಅಟ್ಟದ ಮೇಲೆ ಇಲಿಗಳಿದ್ದವು. ಪಂಜರದಲ್ಲಿರುವ ಬೆಕ್ಕಿಗೆ ನಾವು ಹಾಕಿದ್ದೇ ಗತಿ. ಇನ್ನೊಂದು ಎಚ್ಚರಿಕೆ ಇದಕ್ಕಿಂತ ತುರ್ತಿನದು: ಹೊಸ ಬೆಕ್ಕು ಒಂದು ಹೊತ್ತು ಉಣ್ಣದಿದ್ದರೆ ಗಾಬರಿ ಬೇಡ, ಒಂದು ದಿನ ಪೂರ್ತಿ ಮೂಸದಿದ್ದರೆ ಕರೆ ಮಾಡಿ, ಎರಡು ದಿನ ದಾಟಿಸಬೇಡಿ ಎಂದು ದಪ್ಪಕ್ಷರದಲ್ಲಿದೆ. ಉಪವಾಸ ಬಿದ್ದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಪ್ರಾಣಕ್ಕೇ ಕುತ್ತಾಗಬಹುದು. ಹಸಿ ಆಹಾರದ ಬಟ್ಟಲನ್ನು ಬಿಸಿನೀರಿನಲ್ಲಿ ಕೊಂಚ ಇಟ್ಟು, ಉಗುರುಬೆಚ್ಚಗೆ ಮಾಡಿ, ದೀಪ ಆರಿಸಿ ಬಂದರೆ ರಾತ್ರಿ ತಿನ್ನುತ್ತದೆ ಎಂಬ ಅವರ ಸಲಹೆ ನಮ್ಮಲ್ಲಿ ಫಲಿಸಿತು.

ಮಲದ ಟ್ರೇಗೆ ತುಂಬುವ ಲಿಟರ್ ವಿಷಯದಲ್ಲಿ ನನಗೆ ಅಷ್ಟು ಸಮಾಧಾನವಿಲ್ಲ. ಕಿಟ್‌ನಲ್ಲಿ ಕೊಡುವುದು ಒದ್ದೆಯಾದಾಗ ಉಂಡೆಗಟ್ಟುವ ಬೆಂಟೊನೈಟ್ ಮಣ್ಣು. ಬಯಲುಸೀಮೆಯಲ್ಲಿ ಇದು ಉತ್ತಮವೇ ಇರಬಹುದು. ನಮ್ಮಲ್ಲಿ ಚೀಲ ಒಡೆದ ಮೇಲೆ ಗಾಳಿಯ ತೇವವನ್ನೇ ಹೀರಿ ತಳದಲ್ಲಿ ಹೆಂಟೆಗಟ್ಟುತ್ತದೆ, ಬೆಕ್ಕಿನ ಪಾದಕ್ಕೆ ಮೆತ್ತಿಕೊಂಡು ರೆಡ್ ಆಕ್ಸೈಡ್ ನೆಲದ ಮೇಲೆಲ್ಲ ಬಿಳಿ ಹೆಜ್ಜೆ ಮೂಡಿಸುತ್ತದೆ. ಗಾಯವಿರುವ ಕಾಲಿಗಂತೂ ಅದು ಅಂಟಬಾರದು. ಜೊತೆಗೆ, ಹುಟ್ಟಿದಂದಿನಿಂದ ಮಣ್ಣು ಕೆರೆದು ಅಭ್ಯಾಸವಾದ ಬೀದಿಯ ಬೆಕ್ಕಿಗೆ ಈ ಪುಡಿ ಏನೆಂದೇ ತಿಳಿಯುವುದಿಲ್ಲ. ಸೂರಿನಡಿಯ ಒಣ ಮಣ್ಣನ್ನು ಒಂದು ಪದರ ಮೇಲೆ ಹರಡಿ, ದಿನದಿಂದ ದಿನಕ್ಕೆ ಅದನ್ನು ಕಡಿಮೆ ಮಾಡುತ್ತ ಬಂದರೆ ಬೆಕ್ಕು ಟ್ರೇ ಹಿಡಿಯುತ್ತದೆ. ಇದನ್ನು ತಿಳಿಸಿದ್ದು ಕೈಪಿಡಿಯಲ್ಲ, ಫೋನಿನಲ್ಲಿ ಸಿಕ್ಕ ಸ್ವಯಂಸೇವಕಿ. ಕೊನೆಗೆ ನಮಗೆ ಒದಗಿದ್ದು ಸಾ ಮಿಲ್ಲಿನ ಮರದ ಹೊಟ್ಟು. ಸಣ್ಣ ಧೂಳನ್ನು ಜರಡಿ ಹಿಡಿದು ತೆಗೆದು, ಬಚ್ಚಲ ಒಲೆಯ ಪಕ್ಕದಲ್ಲಿ ಬೆಚ್ಚಗೆ ಇರಿಸಿಕೊಂಡು ದಿನವೂ ಬದಲಿಸಿದರೆ ವಾಸನೆ ಇಲ್ಲ, ಖರ್ಚೂ ಇಲ್ಲ. ಭತ್ತದ ಉಮಿ ಬಹಳ ಹಗುರ, ಬೆಕ್ಕು ಕೆರೆದರೆ ಕೋಣೆಯೆಲ್ಲ ಹಾರುತ್ತದೆ. ಉಂಡೆಗಟ್ಟುವ ಲಿಟರನ್ನು ಎಳೆಯ ಮರಿಗಳಿಗೆ ಬಳಸಬಾರದು, ಅವು ಬಾಯಿಗೆ ಹಾಕಿಕೊಳ್ಳುತ್ತವೆ ಎಂಬ ಎಚ್ಚರಿಕೆಯನ್ನು ಕೈಪಿಡಿ ಕೊಟ್ಟಿದೆ.

ಫಿನಾಯಿಲ್ ಬಗ್ಗೆ ಬರೆದ ಅರ್ಧ ಪುಟಕ್ಕಾಗಿ ಈ ತಂಡಕ್ಕೆ ನಾನು ಋಣಿ. ನಮ್ಮ ಮನೆಗಳಲ್ಲಿ ಶುಚಿ ಎಂದರೆ ಫಿನಾಯಿಲ್ ಹಾಕಿ ಒರೆಸುವುದು. ಹೊರಗಿನ ಬೆಕ್ಕು ಬಂದಿದೆ ಎಂದರೆ ಇನ್ನೂ ಒಂದು ಮುಚ್ಚಳ ಹೆಚ್ಚು. ಫೀನಾಲ್ ಜಾತಿಯ ರಾಸಾಯನಿಕಗಳನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ಒರೆಸಿದ ನೆಲದ ಮೇಲೆ ನಡೆದ ಬೆಕ್ಕು ಪಾದ ನೆಕ್ಕಿದರೆ ವಿಷ ನೇರ ಹೊಟ್ಟೆಗೆ. ಕಪ್ಪು ಫಿನಾಯಿಲ್ ಬೇಡ, ಪೈನ್ ಎಣ್ಣೆಯ ಬಿಳಿಯದೂ ಬೇಡ, ಸೋಪಿನ ನೀರು ಸಾಕು ಎಂದು ಕೈಪಿಡಿ ಹೇಳುತ್ತದೆ. ಪ್ಯಾನ್‌ಲ್ಯುಕೋಪೀನಿಯಾ ಎಂಬ, ಬೆಕ್ಕುಗಳಿಗೆ ವೈರಸ್‌ನಿಂದ ಬರುವ ಮಾರಕ ಅಂಟುರೋಗದ ಶಂಕೆಯಿದ್ದರೆ ಮಾತ್ರ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 32 ಪಾಲು ನೀರು ಬೆರೆಸಿ ತೊಳೆದು, ಮತ್ತೆ ಬರೀ ನೀರಿನಿಂದ ತೊಳೆದು ಒಣಗಿಸಬೇಕು, ಏಕೆಂದರೆ ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ಮನುಷ್ಯರ ಜ್ವರದ ಪ್ಯಾರಸಿಟಮಾಲ್ ಒಂದೇ ಮಾತ್ರೆಯೂ ಬೆಕ್ಕನ್ನು ಕೊಲ್ಲಬಹುದು, ನಾಯಿಯ ಉಣುಗಿಗೆ ಹಾಕುವ ಪರ್ಮೆಥ್ರಿನ್ ಔಷಧವನ್ನು ಬೆಕ್ಕಿನ ಮೈಗೆ ತಾಗಿಸಲೇಬಾರದು ಎಂಬುದೂ ಅದೇ ಪುಟದಲ್ಲಿದೆ. ಬೆಕ್ಕು ಇಲ್ಲದವರೂ ಓದಬೇಕಾದ ಪುಟ ಅದು.

ಈ ಸೇವೆಯ ದೊಡ್ಡ ಕೊರತೆ ಮನೆಯ ಕುರಿತಾದದ್ದು. "ಬೆಕ್ಕನ್ನು ಒಂದು ಕೋಣೆಯಲ್ಲಿ ಬಿಟ್ಟು ಕಿಟಕಿ ಬಾಗಿಲು ಮುಚ್ಚಿ" ಎಂದು ಕೈಪಿಡಿ ಹೇಳುವಾಗ ಬರೆದವರ ಕಣ್ಣ ಮುಂದಿರುವುದು ಶಿವಮೊಗ್ಗದ ಬಡಾವಣೆಯ ತಾರಸಿ ಮನೆ. ಹಳೆಯ ಹೆಂಚಿನ ಮನೆಯಲ್ಲಿ ಕೋಣೆಗಳ ನಡುವಿನ ಗೋಡೆ ಮಾಡಿನವರೆಗೆ ಹೋಗುವುದೇ ಇಲ್ಲ. ಹೆದರಿದ ಬೆಕ್ಕು ಕಪಾಟಿನ ಮೇಲೆ, ಅಲ್ಲಿಂದ ಗೋಡೆಯ ನೆತ್ತಿಗೆ, ಅಲ್ಲಿಂದ ಅಟ್ಟಕ್ಕೆ ಏರಿ, ಸರಿದ ಒಂದು ಹೆಂಚಿನ ಸಂದಿಯಿಂದ ಹೊರಬಿದ್ದರೆ, ಸುತ್ತಲಿನ ಅಡಿಕೆ ತೋಟದಲ್ಲಿ ಅದನ್ನು ಹುಡುಕುವುದು ಆಗದ ಮಾತು. ಔಷಧ ಅರ್ಧಕ್ಕೆ ನಿಂತ ಬೆಕ್ಕು ಮಳೆಯಲ್ಲಿ ಎಷ್ಟು ದಿನ ಬದುಕೀತು? ಇಂಥ ಮನೆಯಲ್ಲಿ ಹಲಗೆಯ ಮುಚ್ಚಿಗೆ ಇರುವ ಕೋಣೆಯನ್ನೇ ಆರಿಸಿಕೊಳ್ಳಬೇಕು, ಅದಿಲ್ಲದಿದ್ದರೆ ಬೆಕ್ಕು ಕರೆದರೆ ಬರುವಷ್ಟು ಹೊಂದಿಕೊಳ್ಳುವವರೆಗೆ ಪಂಜರದಿಂದ ಹೊರಗೆ ಬಿಡಬಾರದು. ಮಾಡಿನ ಮೇಲಿನ ಸದ್ದೂ ಸಣ್ಣ ವಿಷಯವಲ್ಲ. ತಗಡಿನ ಮೇಲೆ ಸುರಿವ ಮಳೆ, ಹೆಂಚಿನ ಮೇಲೆ ಮಂಗಗಳ ಓಟ, ರಾತ್ರಿ ಬೀಳುವ ಕೊಂಬೆ, ಇವೆಲ್ಲ ಪೇಟೆಯ ಬೆಕ್ಕಿಗೆ ಹೊಸವು. ಪಂಜರವನ್ನು ಹೊರಗೋಡೆಯಿಂದ ದೂರ, ನಡುಮನೆಯ ಕಡೆಯ ಗೋಡೆಗೆ ಒತ್ತಿ ಇಟ್ಟು, ಮೂರು ಬದಿಗೆ ಕಂಬಳಿ ಇಳಿಬಿಟ್ಟರೆ ಬಹಳ ವ್ಯತ್ಯಾಸವಾಗುತ್ತದೆ. ಮಲೆನಾಡಿನ ಮನೆಗಳಿಗೂ ಬೆಕ್ಕು ಕಳಿಸುವ ತಂಡ, ಕಳಿಸುವ ಮುನ್ನ ಕೋಣೆಯ ಫೋಟೋ ತರಿಸಿಕೊಂಡು ನೋಡುವ ಕ್ರಮವನ್ನಾದರೂ ಇಟ್ಟುಕೊಳ್ಳಬೇಕೆಂದು ಅವರಿಗೆ ಬರೆದು ತಿಳಿಸಿದ್ದೇನೆ.

ಸಾಗಣೆಯಲ್ಲಿ ದೂರುವಂಥದ್ದೇನಿಲ್ಲ. ಗಾಜನೂರು, ಮಂಡಗದ್ದೆ ಮಾರ್ಗದ ತಿರುವುಗಳಲ್ಲಿ ಬೆಕ್ಕಿದ್ದ ಕ್ಯಾರಿಯರ್ ಪೆಟ್ಟಿಗೆ ಅಲುಗದಂತೆ ಕಾರಿನ ಸೀಟಿನ ಕೆಳಗೆ ಬಿಗಿಯಾಗಿ ಇರಿಸಿ, ಮೇಲೆ ಟವೆಲ್ ಹೊದಿಸಿ ತಂದಿದ್ದರು. ಫೋನ್ ನೆರವಂತೂ ನಿಜಕ್ಕೂ ಚೆನ್ನಾಗಿದೆ. ಮಾತ್ರೆ ಉಗುಳಿದ ಬೆಕ್ಕಿಗೆ ಮತ್ತೆ ಕೊಡಬೇಕೇ ಎಂದು ರಾತ್ರಿ ಕೇಳಿದರೂ ಬೇಸರಿಸದೆ, ತಮಗೆ ಖಚಿತವಿಲ್ಲದಾಗ ವೈದ್ಯರನ್ನು ಕೇಳಿ ತಿಳಿಸುತ್ತೇವೆ ಎಂದು ಹೇಳಿ, ಹಾಗೆಯೇ ನಡೆದುಕೊಂಡರು.

ಮನೆಯಲ್ಲಿ ಮೊದಲೇ ಬೆಕ್ಕಿರುವವರಿಗೆ ಅವರ ಕ್ರಮ ದೀರ್ಘವೆನಿಸಬಹುದು, ಆದರೆ ಅದನ್ನು ಮೊಟಕುಗೊಳಿಸುವುದು ತರವಲ್ಲ. ಎರಡು ವಾರ ಎರಡೂ ಬೆಕ್ಕುಗಳು ಒಂದನ್ನೊಂದು ನೋಡಕೂಡದು, ಬಟ್ಟಲು ಬೇರೆ, ಟ್ರೇ ಬೇರೆ, ನಡುವೆ ಕೈ ತೊಳೆಯಬೇಕು. ಆ ಅವಧಿಯಲ್ಲಿ ಸೋಂಕು ಇದ್ದರೆ ಸಾಮಾನ್ಯವಾಗಿ ಹೊರಬೀಳುತ್ತದೆ. ಕಿಟ್‌ನಲ್ಲಿರುವ ಎರಡು ಟವೆಲ್‌ಗಳ ಉಪಯೋಗ ಇದರ ನಂತರ: ಒಂದರಿಂದ ಹೊಸ ಬೆಕ್ಕಿನ ಕೆನ್ನೆ ಒರೆಸಿ ಹಳೆಯದರ ಊಟದ ಜಾಗದಲ್ಲಿ ಹಾಸುವುದು, ಇನ್ನೊಂದರಿಂದ ಅದರ ತಿರುವುಮುರುವು. ಕಣ್ಣಿಗಿಂತ ಮೊದಲು ಮೂಗಿಗೆ ಪರಿಚಯವಾಗಬೇಕು. ಅಡಿಕೆ ಕೋಣೆಯ ಇಲಿ ಕಾಯುವ ನಮ್ಮ ಗಂಡು ಬೆಕ್ಕು ಮೊದಲು ಆ ಟವೆಲ್ ಕಂಡು ಬುಸುಗುಟ್ಟಿ ಊಟ ಬಿಟ್ಟು ಎದ್ದುಹೋಗಿತ್ತು; ಬಟ್ಟಲನ್ನು ಕೊಂಚ ದೂರ ಸರಿಸಿ ದಿನವೂ ಹತ್ತಿರ ತಂದಂತೆ ಅದರ ಮೇಲೇ ಕುಳಿತು ಉಣ್ಣತೊಡಗಿತು.

ಮನುಷ್ಯರ ಆರೋಗ್ಯದ ಭಾಗ ಚಿಕ್ಕದಾದರೂ ಸರಿಯಾಗಿದೆ. ಪರಚಿದರೆ, ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆಯ ಬಗ್ಗೆ ಕೇಳಬೇಕು. ಅರಿಶಿನ, ಸುಣ್ಣ ಮೆತ್ತಿ ಕೂರಬಾರದು. ಇದಕ್ಕೆ ಉಣುಗಿನ ಮಾತೂ ಸೇರಬೇಕಿತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗಿನಿಂದಲೇ ಹರಡುವಂಥದ್ದು, ನಮ್ಮ ಜಿಲ್ಲೆಯಲ್ಲಿ ಇಂದಿಗೂ ಬೇಸಿಗೆ ಬಂತೆಂದರೆ ಅದರ ಆತಂಕವಿದೆ. ಕಾಡಂಚಿನ ಮನೆಯವರು ಹೊಂದಿಕೊಂಡ ಬೆಕ್ಕನ್ನು ಆ ತಿಂಗಳುಗಳಲ್ಲಿ ಹೊರಗೆ ಅಲೆಯಲು ಬಿಡದಿರುವುದು, ಅದರ ಕಿವಿ, ಕುತ್ತಿಗೆಗಳನ್ನು ದಿನವೂ ನೋಡುವುದು ಒಳ್ಳೆಯದು.

ಕಾಯಂ ಮನೆ ಸಿಕ್ಕಾಗ ತಂಡ ಬೆಕ್ಕಿಗೆ ಸಂತಾನಹರಣ ಚಿಕಿತ್ಸೆ, ಲಸಿಕೆ ಮುಗಿಸಿಯೇ ಒಪ್ಪಿಸುತ್ತದೆ. ನಮ್ಮಲ್ಲಿದ್ದ ಬೆಕ್ಕು ಈಗ ಸಾಗರದ ಒಂದು ಮನೆಯಲ್ಲಿದೆ. ಅದು ಏನು ತಿನ್ನುತ್ತದೆ, ಯಾವ ಸದ್ದಿಗೆ ಬೆಚ್ಚುತ್ತದೆ, ಎಲ್ಲಿ ಮುಟ್ಟಿದರೆ ಒಪ್ಪುತ್ತದೆ ಎಂದು ಸಾಕಿದವರಿಂದ ಬರೆಸಿ ಹೊಸಬರಿಗೆ ಕೊಡುವ ಪದ್ಧತಿ ಇವರಲ್ಲಿ ಇಲ್ಲ. ನಾನೇ ಎರಡು ಪುಟ ಬರೆದು ಕಳಿಸಿದೆ. ಇದನ್ನು ಒಂದು ನಮೂನೆಯಾಗಿ ಕಿಟ್‌ಗೆ ಸೇರಿಸಿದರೆ ಮುಂದಿನ ಬೆಕ್ಕುಗಳಿಗೆ ಉಪಕಾರವಾಗುತ್ತದೆ.

ಹಗಲಿಡೀ ಮನೆ ಬೀಗ ಹಾಕಿರುವವರು ಗಾಯದ ಬೆಕ್ಕನ್ನು ಕೇಳದಿರುವುದು ಮೇಲು. ಆರೋಗ್ಯವಂತ ದೊಡ್ಡ ಬೆಕ್ಕಾದರೆ ತೊಂದರೆಯಿಲ್ಲ. ಚಿಕ್ಕ ಮಕ್ಕಳಿರುವ ಮನೆಗೆ ಸ್ವಭಾವ ನೋಡಿಯೇ ಕೊಡುತ್ತಾರೆ. ಸೇವೆಗೆ ಶುಲ್ಕವಿಲ್ಲ, ಪಂಜರಕ್ಕೆ ಮರಳಿ ಸಿಗುವ ಠೇವಣಿ ಇಡಬೇಕು. ಹಿಂದಿರುಗಿಸುವಾಗ ಪಂಜರವನ್ನು ತೊಳೆದು ಪೂರ್ತಿ ಒಣಗಿಸಿ ಕೊಡಬೇಕೆಂಬುದು ಅವರ ನಿಯಮ. ಮಳೆಗಾಲದಲ್ಲಿ ಬಿಸಿಲು ಕಾಯುತ್ತ ಕೂರದೆ ಒಣಬಟ್ಟೆಯಿಂದ ಒರೆಸಿ ಬಚ್ಚಲ ಒಲೆಯ ಹತ್ತಿರ ಒಂದು ರಾತ್ರಿ ನಿಲ್ಲಿಸಿದರೆ ತುಕ್ಕು ಹಿಡಿಯುವುದಿಲ್ಲ.